ಜರ್ಮನಿಯ ಕಾರ್ನಿವಲ್ ಋತು: ಹೊಸದಾಗಿ ಹೋಗುವ ಕುಟುಂಬ ಅದರಲ್ಲಿ ಬೆರೆಯುವುದು ಹೇಗೆ?

ಪ್ರಶ್ನೆ: ಸಾಲಗಾಮೆ ರಸ್ತೆ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನ ಪತಿ ಕಳೆದ ವರ್ಷದಿಂದ ಜರ್ಮನಿಯ ಕೊಲೋನ್ ನಗರದಲ್ಲಿ ಉದ್ಯೋಗದಲ್ಲಿದ್ದಾರೆ. ಈ ಸಲ ಹಾಸನಾಂಬೆಯ ದರ್ಶನ ಮಾಡಿ, ದೀಪಾವಳಿ ಮುಗಿಸಿಕೊಂಡು, ನಾನೂ ಎರಡನೆಯ ತರಗತಿಯಲ್ಲಿ ಓದುತ್ತಿರುವ ಮಗಳೂ ಅಲ್ಲಿಗೆ ಹೊರಡುತ್ತಿದ್ದೇವೆ. ಕೆಲವು ವರ್ಷ ಅಲ್ಲಿಯೇ ನೆಲೆಸುವ ಉದ್ದೇಶವಿರುವುದರಿಂದ ಆ ಊರನ್ನು ಪ್ರವಾಸಿಗಳಂತೆ ನೋಡಿ ಸುಮ್ಮನಾಗಲು ನನಗೆ ಮನಸ್ಸಿಲ್ಲ.

ಆ ಊರಿನವರಿಗೆ ವರ್ಷದ ದೊಡ್ಡ ಹಬ್ಬವೆಂದರೆ ಕಾರ್ನಿವಲ್ ಎಂದು ಪತಿ ಹೇಳುತ್ತಾರೆ. ಹೋದ ಬಾರಿ ದೊಡ್ಡ ಮೆರವಣಿಗೆಯ ದಿನ ಕಚೇರಿಗೆ ರಜೆ ಇದ್ದರೂ ಅವರು ಸ್ವಲ್ಪ ಹೊತ್ತು ರಸ್ತೆಯ ಬದಿಯಲ್ಲಿ ನಿಂತು ಮನೆಗೆ ಮರಳಿದರಂತೆ. ಸುತ್ತಲಿನವರೆಲ್ಲ ಒಂದೇ ಕಂಠದಲ್ಲಿ ಹಾಡುತ್ತಿದ್ದರೂ ಒಂದು ಸಾಲೂ ಅರ್ಥವಾಗಲಿಲ್ಲ, ವೇಷವಿಲ್ಲದೆ ನಿಂತವರು ತಾವೊಬ್ಬರೇ ಎನ್ನಿಸಿತು, ಜೊತೆಗೆ ಪರಿಚಿತರೂ ಇರಲಿಲ್ಲ ಎಂದು ಹೇಳಿದರು. ಮಗಳು ಅಲ್ಲಿ ಶಾಲೆಗೆ ಸೇರುವುದರಿಂದ ನಾವು ಹೀಗೆ ದೂರ ಉಳಿಯುವುದು ಸರಿಯಲ್ಲವೆಂದು ನನಗೆ ತೋರುತ್ತದೆ.

ಅಲ್ಲಿ ಇದ್ದವರು ಅಥವಾ ಇದ್ದು ಮರಳಿದವರು ದಯವಿಟ್ಟು ತಿಳಿಸಿ. ಇದು ಚರ್ಚಿಗೆ ಸೇರಿದ ಧಾರ್ಮಿಕ ಆಚರಣೆಯೇ, ಅಥವಾ ಯಾವ ಮತದವರೂ ಪಾಲ್ಗೊಳ್ಳಬಹುದಾದ ಊರ ಹಬ್ಬವೇ? ಹೊರಗಿನವರು ಒಳಗೆ ಸೇರಲು ದಾರಿ ಯಾವುದು? ನಾವು ಮದ್ಯ ಮುಟ್ಟುವುದಿಲ್ಲ, ಮಾಂಸವನ್ನೂ ತಿನ್ನುವುದಿಲ್ಲ. ಅಂಥವರಿಗೆ ಅಲ್ಲಿ ಜಾಗವಿದೆಯೇ? ಸಣ್ಣ ಮಗುವನ್ನು ಆ ಜನಜಂಗುಳಿಗೆ ಕರೆದೊಯ್ಯಬಹುದೇ?

ಉತ್ತರ 1: ಹಿರೇಮಗಳೂರು, ಚಿಕ್ಕಮಗಳೂರು

ನಾನು ಹಲವು ವರ್ಷ ಕೊಲೋನ್‌ನ ನಿಪ್ಪೆಸ್ ಬಡಾವಣೆಯಲ್ಲಿದ್ದು ಈಗ ಚಿಕ್ಕಮಗಳೂರಿಗೆ ಮರಳಿದ್ದೇನೆ. ಆ ಊರಿನ ಕಾರ್ನಿವಲ್ ನನಗೆ ಬಹಳ ಪ್ರಿಯವಾದದ್ದು, ಆದ್ದರಿಂದ ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲಿಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ರೋಸೆನ್‌ಮೊಂಟಾಗ್ ಎಂದು ಕರೆಯುವ ಸೋಮವಾರದ ಮಹಾ ಮೆರವಣಿಗೆಯಿಂದ ಕಾರ್ನಿವಲ್ಲನ್ನು ಪರಿಚಯ ಮಾಡಿಕೊಳ್ಳಲು ಹೋಗಬೇಡಿ. ನೀವು ವಾಸಿಸುವ ಬಡಾವಣೆಯಿಂದ ಆರಂಭಿಸಿ. ನಿಮ್ಮ ಪತಿಗೆ ಆದ ಅನುಭವ ಅಲ್ಲಿಗೆ ಹೋದ ಬಹುತೇಕ ಹೊಸಬರಿಗೆ ಆಗುತ್ತದೆ. ಸುಮಾರು ಹತ್ತು ಲಕ್ಷ ಜನ ಸೇರುವ, ಸುಮಾರು 300 ಟನ್ ಸಿಹಿತಿಂಡಿಯನ್ನು ರಥಗಳ ಮೇಲಿನಿಂದ ಎರಚುವ ಆ ಮೆರವಣಿಗೆಯಲ್ಲಿ ಒಬ್ಬಂಟಿಯಾಗಿ ನಿಂತವರು ಒಬ್ಬಂಟಿಯಾಗಿಯೇ ಉಳಿಯುತ್ತಾರೆ. ಆದರೆ ಅದೇ ಹಬ್ಬ ಬಡಾವಣೆಯ ಮಟ್ಟದಲ್ಲಿ ನಡೆಯುವಾಗ ಮೆರವಣಿಗೆಯಲ್ಲಿ ನಡೆಯುವವರು ನಿಮ್ಮ ಬ್ರೆಡ್ ಅಂಗಡಿಯವರು, ಮಗಳ ಶಿಕ್ಷಕಿ, ಮೇಲಿನ ಮಹಡಿಯ ನೆರೆಯವರು. ಅವರು ನಿಮ್ಮನ್ನು ಗುರುತಿಸಿ ಕೂಗುತ್ತಾರೆ, ಮಗುವಿನ ಕೈಗೇ ಚಾಕೊಲೇಟು ಕೊಡುತ್ತಾರೆ. ಆ ಗುರುತು ಒಮ್ಮೆ ಹುಟ್ಟಿದರೆ ಉಳಿದದ್ದೆಲ್ಲ ತಾನಾಗಿ ತೆರೆದುಕೊಳ್ಳುತ್ತದೆ.

ಕಾಲಗಣನೆಯನ್ನು ತಿಳಿದುಕೊಂಡರೆ ಹಬ್ಬದ ಸ್ವರೂಪವೂ ತಿಳಿಯುತ್ತದೆ. ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕೆ ಋತುವಿನ ಆರಂಭವನ್ನು ಸಾರುತ್ತಾರೆ. ಅದೇ ದಿನ ಸಂತ ಮಾರ್ಟಿನನ ಹಬ್ಬವೂ ಆಗಿರುವುದರಿಂದ ರೈನ್ ನದಿಯ ಪ್ರದೇಶದಲ್ಲಿ ಮಕ್ಕಳು ಕಾಗದದ ಲಾಟೀನು ಹಿಡಿದು ಹಾಡುತ್ತ ಸಂಜೆ ಮೆರವಣಿಗೆ ಹೋಗುತ್ತಾರೆ. ಶಾಲೆಗಳು ಇದಕ್ಕೆ ಒಂದೆರಡು ದಿನ ಹಿಂದೆ ಮುಂದೆ ದಿನ ಗೊತ್ತುಮಾಡುವುದೂ ಉಂಟು. ನೀವು ಆ ಹೊತ್ತಿಗೆ ತಲುಪಿದರೆ ಮಗಳಿಗೆ ಇದಕ್ಕಿಂತ ಒಳ್ಳೆಯ ಸ್ವಾಗತವಿಲ್ಲ. ಅನಂತರ ಕ್ರಿಸ್ಮಸ್ ಮುಗಿಯುವವರೆಗೆ ಕಾರ್ನಿವಲ್ ಬಹುಮಟ್ಟಿಗೆ ಮೌನವಾಗಿರುತ್ತದೆ. ಜನವರಿಯಲ್ಲಿ ರಾಜಕುಮಾರ, ರೈತ ಮತ್ತು ಕನ್ಯೆ ಎಂಬ ಮೂವರನ್ನು ಆ ವರ್ಷದ ಅಧಿಪತಿಗಳೆಂದು ಘೋಷಿಸಿದ ಮೇಲೆ ಹಾಡು, ಹಾಸ್ಯಭಾಷಣಗಳ ಸಭೆಗಳು ಮೊದಲಾಗುತ್ತವೆ. ಕನ್ಯೆಯ ಪಾತ್ರವನ್ನೂ ಸಂಪ್ರದಾಯದಂತೆ ಪುರುಷರೇ ವಹಿಸುತ್ತಾರೆ. ಅವಳ ತಲೆಯ ಮೇಲಿನ ಕೋಟೆಗೋಡೆಯ ಆಕಾರದ ಕಿರೀಟ ಶತ್ರುವಿಗೆ ಮಣಿಯದ ನಗರದ ಸಂಕೇತ, ನವಿಲುಗರಿಯ ಟೊಪ್ಪಿಗೆಯ ರೈತ ನಗರದ ಬೀಗದ ಕೈಗಳ ಒಡೆಯ.

ಮುಖ್ಯ ದಿನಗಳು ಈಸ್ಟರ್ ಹಬ್ಬದಿಂದ ಹಿಂದಕ್ಕೆ ಎಣಿಸಿ ಬರುತ್ತವೆ. ವಸಂತ ವಿಷುವದ ನಂತರದ ಮೊದಲ ಹುಣ್ಣಿಮೆಯನ್ನು ನೋಡಿ ಈಸ್ಟರ್ ಭಾನುವಾರವನ್ನು ನಿರ್ಧರಿಸುವುದರಿಂದ ಕಾರ್ನಿವಲ್ ದಿನಗಳೂ ಪ್ರತಿವರ್ಷ ಹಿಂದೆ ಮುಂದೆ ಆಗುತ್ತವೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ ಬೀಳುತ್ತದೆ. ಆದ್ದರಿಂದ ಹೆಂಗಸರ ಗುರುವಾರ ಫೆಬ್ರುವರಿ 4, ರೋಸೆನ್‌ಮೊಂಟಾಗ್ ಫೆಬ್ರುವರಿ 8, ಎಲ್ಲವೂ ಮುಗಿದು ಉಪವಾಸದ ಕಾಲ ಆರಂಭವಾಗುವ ಬೂದಿ ಬುಧವಾರ ಫೆಬ್ರುವರಿ 10. ಸೋಮವಾರ ಕಾನೂನಿನ ಪ್ರಕಾರ ಸರ್ಕಾರಿ ರಜೆಯಲ್ಲ, ಆದರೆ ಕೊಲೋನ್‌ನಲ್ಲಿ ಶಾಲೆಗಳೂ ಬಹಳಷ್ಟು ಕಚೇರಿಗಳೂ ಅಂಗಡಿಗಳೂ ಮುಚ್ಚಿರುತ್ತವೆ. ದಿನಸಿಯನ್ನು ಹೆಂಗಸರ ಗುರುವಾರದ ಹಿಂದಿನ ಬುಧವಾರವೇ ತಂದಿಟ್ಟುಕೊಳ್ಳಿ.

ಧಾರ್ಮಿಕವೇ ಎಂದು ಕೇಳಿದ್ದೀರಿ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತಕ್ಕೆ ಮೊದಲು ಹೊಟ್ಟೆ ತುಂಬ ಉಂಡು ಮನಸಾರೆ ಕುಣಿಯುವ ರೂಢಿಯಾದ್ದರಿಂದ ಬೇರು ಕ್ಯಾಥೊಲಿಕ್ ಪಂಚಾಂಗದಲ್ಲಿದೆ, ಆದರೆ ಪಾಲ್ಗೊಳ್ಳಲು ಯಾರೂ ಯಾವ ಶ್ರದ್ಧೆಯನ್ನೂ ಕೇಳುವುದಿಲ್ಲ. ಇಂದಿನ ರೂಪವನ್ನು ಕೊಟ್ಟವರು ಊರಿನ ನಾಗರಿಕರು. 1794ರಲ್ಲಿ ಫ್ರೆಂಚ್ ಸೇನೆ ಕೊಲೋನ್ ಅನ್ನು ಹಿಡಿಯಿತು, 1815ರಲ್ಲಿ ಊರು ಪ್ರಷ್ಯಾದ ಪಾಲಾಯಿತು. ಆ ಆಳ್ವಿಕೆಯ ಅಡಿಯಲ್ಲಿ 1823ರಲ್ಲಿ ಊರವರು ಒಂದು ಸಮಿತಿ ಕಟ್ಟಿ, ಫೆಬ್ರುವರಿ 10ರಂದು ಮೊದಲ ರೋಸೆನ್‌ಮೊಂಟಾಗ್ ಮೆರವಣಿಗೆ ನಡೆಸಿದರು. ಇವತ್ತು ನೀವು ನೋಡುವ ಸಮವಸ್ತ್ರದ ದಳಗಳು ನಿಜವಾದ ಸೈನಿಕರ ಅಣಕ. 1823ರಲ್ಲಿಯೇ ಹುಟ್ಟಿದ ಕೆಂಪು ಅಂಗಿಯ ‘ರೋಟೆ ಫುಂಕೆನ್’ ದಳದವರು ಬೆನ್ನಿಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ, ಹಿಂಭಾಗವನ್ನು ತಿಕ್ಕುತ್ತ ಕುಣಿಯುವಾಗ ಕವಾಯತಿನ ಗತ್ತೆಲ್ಲ ಕರಗಿಹೋಗುತ್ತದೆ. ಅಧಿಕಾರವನ್ನು ನಗುವಿನಿಂದ ಎದುರಿಸುವ ಈ ಗುಣವೇ ನನ್ನನ್ನು ಅದರತ್ತ ಸೆಳೆದದ್ದು. ನಾಟ್ಸಿಗಳ ಕಾಲದಲ್ಲಿ ಇದೇ ಹಬ್ಬ ಬಾಗಿತು ಎಂಬುದನ್ನೂ ಮರೆಯಬಾರದು. 1934ರ ಮೆರವಣಿಗೆಯಲ್ಲಿ ಯೆಹೂದಿಗಳನ್ನು ಹೀಯಾಳಿಸುವ ರಥವಿತ್ತು. 1938 ಮತ್ತು 1939ರಲ್ಲಿ ಕನ್ಯೆಯ ಪಾತ್ರವನ್ನು ಹೆಂಗಸರಿಗೇ ಕೊಡಿಸಲಾಯಿತು. ಹಿಟ್ಲರನ ವಂದನೆಯನ್ನು ವೇದಿಕೆಯ ಮೇಲೆ ಲೇವಡಿ ಮಾಡಿದ ಭಾಷಣಕಾರ ಕಾರ್ಲ್ ಕ್ಯುಪ್ಪರ್‌ಗೆ 1939ರಲ್ಲಿ ಮಾತನಾಡದಂತೆ ನಿಷೇಧ ಹೇರಿದರು. 1922ರಲ್ಲಿ ಯೆಹೂದಿಗಳು ಸ್ಥಾಪಿಸಿದ್ದ ಕಾರ್ನಿವಲ್ ಸಂಘ ಆ ಕಾಲದಲ್ಲಿ ಅಳಿಯಿತು. 2017ರಲ್ಲಿ ‘ಕೋಲ್ಷೆ ಕಿಪ್ಪಾ ಕೋಪ್’ ಎಂಬ ಹೊಸ ಯೆಹೂದಿ ಸಂಘ ಹುಟ್ಟಿತು. ಹೊರಗಿನವರಾಗಿ ಹೋಗುವ ನಾವು ಈ ಚರಿತ್ರೆಯನ್ನು ಅರಿತಿರಬೇಕು, ಏಕೆಂದರೆ ಈ ಹಬ್ಬ ಯಾರನ್ನು ಒಳಗೆ ಕರೆದುಕೊಳ್ಳುತ್ತದೆ ಎಂಬುದು ಆ ಊರಿನವರಿಗೇ ಇಂದಿಗೂ ಜೀವಂತ ಪ್ರಶ್ನೆ.

ಇನ್ನು ಹಾಡು. ಹಾಡುಗಳು ಊರಿನ ಕೋಲ್ಷ್ ಆಡುನುಡಿಯಲ್ಲಿರುವುದರಿಂದ ಜರ್ಮನ್ ಕಲಿತವರಿಗೂ ಮೊದಲಿಗೆ ದಕ್ಕುವುದಿಲ್ಲ. ಜನವರಿಯಲ್ಲಿ ‘ಲೋಸ್ ಮರ್ ಸಿಂಗೆ’ ಎಂಬ ಸಂಜೆಗಳು ಊರಿನ ಪಬ್‌ಗಳಲ್ಲಿ ನಡೆಯುತ್ತವೆ; ಅಲ್ಲಿ ಆ ವರ್ಷದ ಹೊಸ ಹಾಡುಗಳ ಸಾಹಿತ್ಯವನ್ನು ಅಚ್ಚು ಹಾಕಿಸಿ ಹಂಚಿ, ಎಲ್ಲರೂ ಕೂಡಿ ಹಾಡುತ್ತಾರೆ. ನಿಮ್ಮ ಪತಿಯನ್ನು ಅಲ್ಲಿಗೆ ಕಳುಹಿಸಿ. ನಾಲ್ಕು ಹಾಡುಗಳ ಪಲ್ಲವಿ ಬಾಯಿಗೆ ಬಂದರೆ ಸಾಕು, ಫೆಬ್ರುವರಿಯಲ್ಲಿ ಪಕ್ಕದಲ್ಲಿ ನಿಂತವರು ತೋಳಿಗೆ ತೋಳು ಹೆಣೆದು ತಾವೇ ಸೇರಿಸಿಕೊಳ್ಳುತ್ತಾರೆ. ಹೊರದೇಶಗಳಿಂದ ಬಂದು ನೆಲೆಸಿದವರೇ ಕಟ್ಟಿ ನಡೆಸುವ ‘ಇಮ್ಮಿಸಿಟ್ಸುಂಗ್’ ಎಂಬ ವೇದಿಕೆಯ ಕಾರ್ಯಕ್ರಮವೂ ಇದೆ. ಭಾಷೆ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಅದನ್ನು ತಪ್ಪದೆ ನೋಡಿ.

ಮೆರವಣಿಗೆಗಳಲ್ಲಿ ಮೊದಲು ನೋಡಬೇಕಾದದ್ದು ಭಾನುವಾರದ್ದು. ಅದು ಶಾಲೆಗಳದ್ದೂ ಬಡಾವಣೆಯ ಸಂಘಗಳದ್ದೂ ಆದ ಮೆರವಣಿಗೆ. ಮಕ್ಕಳೂ ಪಾಲಕರೂ ತಾವೇ ಹೊಲಿದ ವೇಷಗಳಲ್ಲಿ ನಡೆಯುತ್ತಾರೆ, ಬಹುಮಾನ ಪಡೆದ ತಂಡಗಳು ಮರುದಿನದ ಮಹಾ ಮೆರವಣಿಗೆಯಲ್ಲಿಯೂ ಸೇರುತ್ತವೆ. ನಿಪ್ಪೆಸ್, ಏರೆನ್‌ಫೆಲ್ಡ್ ಮೊದಲಾದ ಬಡಾವಣೆಗಳು ಮಂಗಳವಾರ ತಮ್ಮದೇ ಮೆರವಣಿಗೆ ತೆಗೆಯುತ್ತವೆ. ಮಗಳ ಶಾಲೆ ಪಾಲ್ಗೊಳ್ಳುವುದಾದರೆ ತಂಡದ ವಿಷಯ, ಬಟ್ಟೆ, ಹೊಲಿಗೆ ಎಲ್ಲವೂ ತಿಂಗಳುಗಳ ಮೊದಲೇ ನಿರ್ಧಾರವಾಗುತ್ತವೆ. ಹೊಲಿಗೆಗೆ ಕೈ ಕೊಡುತ್ತೇನೆ ಎಂದು ನೀವು ಹೇಳಿದ ದಿನವೇ ನೀವು ಪ್ರೇಕ್ಷಕಿಯ ಸಾಲಿನಿಂದ ಈಚೆ ಬಂದಂತೆ.

ಉತ್ತರ 2: ಕಾಫಿ ಬೆಳೆಗಾರ, ಸಕಲೇಶಪುರ

ಹಿರೇಮಗಳೂರಿನವರು ಬರೆದದ್ದು ಕೊಲೋನ್‌ಗೆ ಸರಿ. ಆದರೆ ಜರ್ಮನಿಯ ಕಾರ್ನಿವಲ್ ಎಂದರೆ ರೈನ್ ತೀರದ ಮಾದರಿಯೊಂದೇ ಎಂದು ಹೊಸಬರು ತಿಳಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಮಗ ದಕ್ಷಿಣದ ಫಿಲಿಂಗೆನ್ ಊರಿನ ಹತ್ತಿರ ಕೆಲಸದಲ್ಲಿದ್ದಾನೆ. ಅರೇಬಿಕಾ ಕೊಯ್ಲು ಮುಗಿದು ತೋಟದಲ್ಲಿ ಸ್ವಲ್ಪ ಬಿಡುವಾದ ಒಂದು ಫೆಬ್ರುವರಿಯಲ್ಲಿ ನಾನೂ ಮನೆಯವರೂ ಅವನಲ್ಲಿಗೆ ಹೋಗಿದ್ದೆವು.

ಬ್ಲ್ಯಾಕ್ ಫಾರೆಸ್ಟ್ ಕಾಡಿನ ಅಂಚಿನ ಆ ಊರುಗಳಲ್ಲಿ ಇದನ್ನು ಫಾಸ್ನೆಟ್ ಎನ್ನುತ್ತಾರೆ. ಅಲ್ಲಿ ಅಂಗಡಿಯಿಂದ ಕೊಂಡ ವೇಷಕ್ಕೆ ಬೆಲೆಯಿಲ್ಲ. ಮೃದುವಾದ ಲಿಂಡೆನ್ ಮರದಲ್ಲಿ ಕೆತ್ತಿದ ಮುಖವಾಡ, ಕೈಯಿಂದ ಚಿತ್ರ ಬರೆದ ನಾರಿನ ಬಟ್ಟೆಯ ಉಡುಪು, ಎದೆಗೆ ಅಡ್ಡಲಾಗಿ ತೊಟ್ಟ ಭಾರವಾದ ಗಂಟೆಗಳ ಪಟ್ಟಿ, ಇವು ಮನೆತನದಲ್ಲಿ ತಂದೆಯಿಂದ ಮಗನಿಗೆ ಬರುತ್ತವೆ. ಜನವರಿ 6ರಂದು ಮುಖವಾಡಗಳನ್ನು ಪೆಟ್ಟಿಗೆಯಿಂದ ತೆಗೆದು ಧೂಳು ಒರೆಸುವುದರೊಂದಿಗೆ ಅವರ ಋತು ಆರಂಭ. ನವೆಂಬರ್ 11 ಅಲ್ಲಿ ಅಷ್ಟು ಮುಖ್ಯವಲ್ಲ. ನಮ್ಮ ಕಡೆ ಗ್ರಾಮದೇವತೆಯ ಉತ್ಸವದ ಮುಂದೆ ಸೋಮನ ಕುಣಿತದವರು ಮರದ ದೊಡ್ಡ ಮುಖ ಹೊತ್ತು ಬರುವಾಗ ಆ ಮುಖವನ್ನು ಯಾರೂ ಆಟಿಕೆಯೆಂದು ಮುಟ್ಟುವುದಿಲ್ಲವಲ್ಲ, ಅಲ್ಲಿಯೂ ಮುಖವಾಡದ ಬಗ್ಗೆ ಅಂಥದೇ ಬಿಗಿಯಾದ ಗೌರವವನ್ನು ಕಂಡೆ. ಮುಖವಾಡ ಧರಿಸಿದ ಮೇಲೆ ಅವನು ಯಾರೆಂದು ಕೇಳುವುದು ಮರ್ಯಾದೆಯಲ್ಲ.

ರೋಟ್‌ವೈಲ್ ಊರಿನದು ನನ್ನ ಮನಸ್ಸಿನಲ್ಲಿ ಅಚ್ಚಾಗಿ ಉಳಿದಿದೆ. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಕೊರೆಯುವ ಚಳಿಯಲ್ಲಿ, ಕಪ್ಪು ಬಾಗಿಲು ಎಂಬ ಹಳೆಯ ಕೋಟೆಯ ದ್ವಾರದಿಂದ ವೇಷಧಾರಿಗಳು ಜಿಗಿಯುತ್ತ ಇಳಿದು ಬರುತ್ತಾರೆ. ಗಂಟೆಗಳನ್ನು ಹೊತ್ತ ಗ್ಶೆಲ್, ಗರಿಗಳನ್ನು ಹೊಲಿದ ಉಡುಪಿನ ಫೆಡೆರಾಹಾನೆಸ್ ಉದ್ದನೆಯ ಕೋಲು ಊರಿ ಹಾರುವುದು, ಬಾಯಲ್ಲಿ ಹೇಳಿದರೆ ತಿಳಿಯುವಂಥದಲ್ಲ. ಕೆಲವು ವೇಷಧಾರಿಗಳು ದೊಡ್ಡ ಪುಸ್ತಕ ಹಿಡಿದು ಗುಂಪಿನೊಳಗೆ ಬಂದು, ಪರಿಚಿತರನ್ನು ನಿಲ್ಲಿಸಿ, ಆ ವರ್ಷ ಅವರು ಮಾಡಿದ ಎಡವಟ್ಟುಗಳನ್ನು ಎಲ್ಲರೆದುರು ಓದಿ ಹೇಳುತ್ತಾರೆ. ಹೇಳಿಸಿಕೊಂಡವರು ನಗುತ್ತ ಒಪ್ಪಿಕೊಳ್ಳಬೇಕು, ಅದು ಅಲ್ಲಿಯ ಶಿಸ್ತು.

ಈ ಊರುಗಳ ಸಂಘಗಳು 1924ರಲ್ಲಿಯೇ ಒಕ್ಕೂಟ ಕಟ್ಟಿಕೊಂಡು ಪದ್ಧತಿಗಳನ್ನು ಕಾಪಾಡಿಕೊಂಡು ಬಂದಿವೆ. 2014ರಲ್ಲಿ ಜರ್ಮನಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ರೈನ್ ಕಾರ್ನಿವಲ್ಲನ್ನೂ ಈ ದಕ್ಷಿಣದ ಫಾಸ್ನೆಟ್ಟನ್ನೂ ಸೇರಿಸಿತು. ಹಬ್ಬದ ದಿನಗಳಲ್ಲಿ ಹೋಗಲಾಗದಿದ್ದರೆ ಬಾಡ್ ಡ್ಯುರ್‌ಹೈಮ್ ಊರಿನ ನಾರೆನ್‌ಷೋಪ್ ಎಂಬ ಸಂಗ್ರಹಾಲಯದಲ್ಲಿ ಮುಖವಾಡಗಳನ್ನು ಹತ್ತಿರದಿಂದ ನೋಡಬಹುದು.

ಪಾಲ್ಗೊಂಡರೆ ಮಾತ್ರ ಹಬ್ಬ ಎಂಬ ಮೇಲಿನ ಉತ್ತರದ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ದಕ್ಷಿಣದಲ್ಲಿ ಹೊರಗಿನವನು ಮುಖವಾಡ ಹಾಕಿಕೊಂಡು ನುಗ್ಗುವಂತಿಲ್ಲ, ನುಗ್ಗಲೂಬಾರದು. ಅಲ್ಲಿ ನೋಡುವವನಾಗಿ ನಿಲ್ಲುವುದೇ ಅತಿಥಿಯ ಸ್ಥಾನ, ಆ ಸ್ಥಾನದಲ್ಲಿ ನಿಂತು ನಾನು ಪಡೆದದ್ದು ಕಡಿಮೆಯೇನಲ್ಲ. ನೀವು ಅಲ್ಲಿರುವ ವರ್ಷಗಳಲ್ಲಿ ಒಂದು ಸಲವಾದರೂ ಕೊಲೋನ್ ಬಿಟ್ಟು ಈ ಕಡೆ ಬನ್ನಿ.

ಉತ್ತರ 3: ಬೇಲೂರಿನವಳು, ಈಗ ಬಾನ್

ನಾನು ಬೇಲೂರಿನವಳು, ಕೊಲೋನ್ ಪಕ್ಕದ ಬಾನ್ ನಗರದಲ್ಲಿ ಮಕ್ಕಳೊಂದಿಗೆ ಇದ್ದೇನೆ. ಊಟ, ಮಗು, ಸುರಕ್ಷತೆ ಇವುಗಳ ಬಗ್ಗೆ ಬರೆಯುತ್ತೇನೆ.

ಮೆರವಣಿಗೆಯಲ್ಲಿ ಎರಚುವ ಸಿಹಿಯನ್ನು ಕಾಮೆಲೆ ಎನ್ನುತ್ತಾರೆ. ಮೆತ್ತಗೆ ಜಗಿಯುವ ಜೆಲ್ಲಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಮನೆಗೆ ತಂದ ಮೇಲೆ ಪೊಟ್ಟಣದ ಹಿಂಬದಿ ಓದಿ ಬೇರ್ಪಡಿಸಿ, ಬೇಡದ್ದನ್ನು ತಿನ್ನುವ ಮನೆಯವರಿಗೆ ಕೊಡಿ. ಚಾಕೊಲೇಟು, ವೇಫರ್, ಪಾಪ್‌ಕಾರ್ನ್ ಬೇಕಾದಷ್ಟು ಸಿಗುತ್ತವೆ. ಆಲೂಗಡ್ಡೆ ತುರಿದು ಕರಿದು ಸೇಬಿನ ಗೊಜ್ಜಿನ ಜೊತೆ ಕೊಡುವ ರೈಬೆಕೂಹೆನ್‌ನಲ್ಲಿ ಮಾಂಸವಿಲ್ಲ, ಆದರೆ ಹಿಟ್ಟಿಗೆ ಮೊಟ್ಟೆ ಸೇರಿಸುವುದು ರೂಢಿ. ಜಾಮ್ ತುಂಬಿ ಕರಿದ ಬರ್ಲಿನರ್ ಬನ್ನುಗಳಿಗೂ ಇದೇ ಮಾತು. ಪಬ್‌ನಲ್ಲಿ ‘ಹಾಲ್ವರ್ ಹಾನ್’ ಎಂದು ಕಂಡರೆ ಹೆದರದೆ ಕೇಳಿ, ಬರುವುದು ರೈ ಬ್ರೆಡ್ಡು ಮತ್ತು ಗೌಡಾ ಚೀಸ್. ಬಿಯರ್ ಬೇಡವೆಂದರೆ ಯಾರೂ ಒತ್ತಾಯಿಸುವುದಿಲ್ಲ. ಅಲ್ಲಿಯ ಕೋಲ್ಷ್ ಬಿಯರನ್ನು 0.2 ಲೀಟರಿನ ಸಣ್ಣ ಲೋಟದಲ್ಲಿ ತರುತ್ತಾರೆ. ಖಾಲಿಯಾದಂತೆಲ್ಲ ಕೇಳದೆಯೇ ಇನ್ನೊಂದು ಇಡುವುದು ಬಡಿಸುವವರ ಪದ್ಧತಿ. ಜೊತೆಯವರಿಗೆ ಸಾಕೆನಿಸಿದಾಗ ಲೋಟದ ಮೇಲೆ ಕಾಗದದ ಬಿಲ್ಲೆ ಮುಚ್ಚಲು ಹೇಳಿ.

ಗುರುವಾರವನ್ನು ಹೆಂಗಸರ ದಿನವೆಂದು ನಿಮಗೆ ಹೇಳಿದ್ದಾರೆ. ನಮ್ಮ ಬಾನ್‌ನ ಬೊಯೆಲ್ ಭಾಗದಲ್ಲಿ 1824ರಲ್ಲಿ ಬಟ್ಟೆ ಒಗೆಯುವ ಹೆಂಗಸರು, ಗಂಡಂದಿರು ಕೊಲೋನ್‌ಗೆ ಹೋಗಿ ಕುಣಿದು ಬರುತ್ತಿದ್ದಾಗ ತಾವು ಮಾತ್ರ ಕೈ ಕೊರೆಯುವ ನೀರಿನಲ್ಲಿ ದುಡಿಯುವುದು ಏಕೆಂದು ಎದ್ದು ನಿಂತು, ತಮ್ಮದೇ ಸಮಿತಿ ಕಟ್ಟಿದರು. ಇಂದಿಗೂ ಆ ದಿನ ಇಲ್ಲಿಯ ಹೆಂಗಸರು ಪುರಸಭೆಯ ಕಟ್ಟಡಕ್ಕೆ ಮುತ್ತಿಗೆ ಹಾಕಿ ಬೀಗದ ಕೈ ಕಸಿಯುತ್ತಾರೆ, ಕಚೇರಿಗಳಲ್ಲಿ ಗಂಡಸರ ಟೈಗಳನ್ನು ಕತ್ತರಿಸುತ್ತಾರೆ. ನಿಮ್ಮ ಪತಿಗೆ ಹಳೆಯ ಟೈ ಕಟ್ಟಿಕೊಂಡು ಹೋಗಲು ಹೇಳಿ. ಒಗೆಯುವ ಹೆಣ್ಣಾಳುಗಳ ದಿಟ್ಟತನದಿಂದ ಹುಟ್ಟಿದ ಒಂದು ಪದ್ಧತಿಯನ್ನು ಇಡೀ ಪ್ರದೇಶ ಇಷ್ಟು ವರ್ಷ ನಡೆಸಿಕೊಂಡು ಬಂದಿರುವುದು ನನಗೆ ನಿಜವಾಗಿಯೂ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕೆನ್ನೆಗೆ ಹಗುರವಾಗಿ ಮುತ್ತು ಕೊಡುವ ರೂಢಿಯೂ ಆ ದಿನಗಳಲ್ಲಿದೆ. ಒಪ್ಪಿಗೆ ಇಲ್ಲದೆ ಅದು ಸಲ್ಲದು, ಬೇಡವೆಂದು ಕೈ ಮುಂದಿಟ್ಟರೆ ಸಭ್ಯರು ಹಿಂದೆ ಸರಿಯುತ್ತಾರೆ. ಸರಿಯದಿದ್ದರೆ ಪೊಲೀಸರಿಗೆ 110, ಆಂಬುಲೆನ್ಸ್‌ಗೆ 112. ಕೊಲೋನ್‌ನಲ್ಲಿ ‘ಎಡೆಲ್‌ಗಾರ್ಡ್’ ಎಂಬ ವ್ಯವಸ್ಥೆ ಹೆಂಗಸರಿಗೂ ಹುಡುಗಿಯರಿಗೂ ಸುರಕ್ಷಿತ ಆಶ್ರಯದ ತಾಣಗಳನ್ನು ಗುರುತಿಸಿದೆ. ಮಗುವಿದ್ದಾಗ ತ್ಸ್ಯುಲ್‌ಪಿಹರ್ ರಸ್ತೆಯ ಸುತ್ತಮುತ್ತ ಹೋಗಲೇಬೇಡಿ. ಕುಡಿದ ಯುವಕರ ಗುಂಪು ಅಲ್ಲಿ ವಿಪರೀತ; ಒಡೆದ ಗಾಜಿನ ಕಾಟ ತಡೆಯಲು ಅಲ್ಲಿ ಗಾಜಿನ ಬಾಟಲಿಗಳನ್ನೇ ನಿಷೇಧಿಸುತ್ತಾರೆ.

ಬೆಚ್ಚನೆಯ ಜಾಕೆಟ್ಟಿನ ಮೇಲೆ ಹಾಕಬಹುದಾದಷ್ಟು ಸಡಿಲವಾದ ವೇಷವನ್ನೇ ಆರಿಸಿ. ಮೆರವಣಿಗೆಯ ದಾರಿಯಲ್ಲಿ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ, ಕಾಲಿನ ಚಳಿ ಮಕ್ಕಳನ್ನು ಮೊದಲು ಕಂಗೆಡಿಸುತ್ತದೆ.

ಪ್ರಶ್ನೆ ಕೇಳಿದವರಿಂದ: ಸಾಲಗಾಮೆ ರಸ್ತೆ, ಹಾಸನ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಈಗ ವೇಷದ ವಿಷಯಕ್ಕೇ ಚರ್ಚೆ ಎದ್ದಿದೆ. ನಮ್ಮ ಮಾವನವರು, ನಮ್ಮ ನಾಡಿನ ಕಲೆಯನ್ನು ಅಲ್ಲಿಯವರಿಗೆ ತೋರಿಸಿದಂತಾಗುತ್ತದೆ, ಮೊಮ್ಮಗಳಿಗೆ ವೀರಗಾಸೆಯ ಉಡುಪನ್ನು ಇಲ್ಲಿಂದಲೇ ಹೊಲಿಸಿ ಕಳುಹಿಸುತ್ತೇನೆ ಎನ್ನುತ್ತಾರೆ. ನಾನು ಸೀರೆ ಉಟ್ಟರೆ ಸಾಕಲ್ಲವೇ ಎಂಬುದು ಅತ್ತೆಯ ಪ್ರಶ್ನೆ. ಇದರ ಬಗ್ಗೆ ನಿಮ್ಮ ಅಭಿಪ್ರಾಯವೇನು? ಹಾಗೆಯೇ, ಕೊನೆಯ ರಾತ್ರಿ ಒಂದು ಬೊಂಬೆಯನ್ನು ಸುಡುತ್ತಾರೆ ಎಂದು ಪತಿ ಹೇಳುತ್ತಾರೆ, ಅದೇನು?

ಉತ್ತರ 1ರವರಿಂದ: ಹಿರೇಮಗಳೂರು, ಚಿಕ್ಕಮಗಳೂರು

ನಿಮ್ಮ ಮಾವನವರ ಅಭಿಮಾನವನ್ನು ಗೌರವಿಸುತ್ತೇನೆ, ಆದರೆ ವೀರಗಾಸೆ ಬೇಡವೆಂಬುದು ನನ್ನ ದೃಢವಾದ ಅಭಿಪ್ರಾಯ. ವೀರಭದ್ರನ ಒಡಪು ಹೇಳುತ್ತ, ನೇಮದಿಂದ ಕಾವಿ ಉಟ್ಟು, ರುದ್ರಾಕ್ಷಿ ಧರಿಸಿ ಕುಣಿಯುವ ಆ ಉಡುಪಿಗೆ ಅದರದೇ ಸಂದರ್ಭವಿದೆ. ಕುಡಿದವರು ಮೈಮೇಲೆ ಬೀಳುವ, ಬಿಯರ್ ಚೆಲ್ಲುವ ಗುಂಪಿನಲ್ಲಿ ಅದಕ್ಕೆ ಅಪಚಾರವಾದರೆ ನಿಮಗೇ ನೋವಾಗುತ್ತದೆ. ಅಮೆರಿಕದ ಮೂಲನಿವಾಸಿಗಳ ಗರಿಯ ಕಿರೀಟ, ಮುಖಕ್ಕೆ ಕಪ್ಪು ಬಳಿದುಕೊಳ್ಳುವುದು, ಇಂಥ ವೇಷಗಳು ಇತರ ಜನಾಂಗಗಳನ್ನು ಕೀಳಾಗಿಸುತ್ತವೆ ಎಂಬ ಗಂಭೀರ ಚರ್ಚೆ ಜರ್ಮನಿಯಲ್ಲಿಯೇ ಹಲವು ವರ್ಷಗಳಿಂದ ನಡೆದಿದೆ. ಒಂದು ಜನರ ಪವಿತ್ರ ಉಡುಪನ್ನು ವೇಷವಾಗಿ ಬಳಸಬಾರದೆಂದು ಅಲ್ಲಿಯವರೇ ಯೋಚಿಸುತ್ತಿರುವಾಗ ನಾವು ನಮ್ಮದನ್ನು ಆ ಸಾಲಿಗೆ ಸೇರಿಸುವುದು ಉಚಿತವಲ್ಲ. ವೀರಗಾಸೆಯನ್ನು ಅಲ್ಲಿಯವರಿಗೆ ತೋರಿಸಲೇಬೇಕೆಂದಿದ್ದರೆ ಶಾಲೆಯಲ್ಲಿ ಬೇರೊಂದು ದಿನ, ಅದರ ಕಥೆಯನ್ನು ಹೇಳಿ ತೋರಿಸಿ.

ಸೀರೆಗೆ ಅಂಥ ತೊಡಕೇನೂ ಇಲ್ಲ. ಆದರೆ ಅದು ವೇಷವೆಂದು ಯಾರಿಗೂ ಅನ್ನಿಸುವುದಿಲ್ಲ, ನಿಮ್ಮ ದಿನನಿತ್ಯದ ಉಡುಗೆ ಎಂದೇ ತಿಳಿಯುತ್ತಾರೆ. ಕಾರ್ನಿವಲ್ಲಿನಲ್ಲಿ ಮಾತು ಆರಂಭವಾಗುವುದೇ ವೇಷದಿಂದ: ವೈದ್ಯೆಯೋ ಜೇನುನೊಣವೋ ಹಡಗಿನ ಕಪ್ತಾನನೋ ಆಗಿ ಹೋದರೆ ಅಪರಿಚಿತರು ಆ ಪಾತ್ರದೊಡನೆ ಮಾತಿಗೆ ಇಳಿಯುತ್ತಾರೆ. ಕೆಂಪು ಬಿಳಿ ಪಟ್ಟೆಯ ಅಂಗಿ ಕೊಲೋನ್‌ನಲ್ಲಿ ಎಲ್ಲರಿಗೂ ಒಗ್ಗುವ ಸರಳ ಆಯ್ಕೆ. ಆ ಎರಡೂ ನಗರದ ಬಣ್ಣಗಳು. ಮಗಳಿಗೆ ಮಾತ್ರ ನೀವೇನೂ ತೀರ್ಮಾನಿಸಬೇಡಿ. ತರಗತಿಯ ಗೆಳತಿಯರು ಏನು ಹಾಕುತ್ತಾರೋ ಅದನ್ನೇ ಅವಳು ಕೇಳುತ್ತಾಳೆ, ಕೇಳಲಿ. ಕೂಗುವಾಗ ‘ಆಲಾಫ್’ ಎನ್ನಿ. ‘ಹೆಲಾವ್’ ಎಂಬುದು ಡ್ಯುಸೆಲ್‌ಡಾರ್ಫ್ ಮತ್ತು ಮೈನ್ಸ್ ಊರುಗಳ ಕೂಗು, ಕೊಲೋನ್‌ನವರು ಈ ವಿಷಯದಲ್ಲಿ ಬಹಳ ಸೂಕ್ಷ್ಮ.

ಸುಡುವ ಬೊಂಬೆಯ ಹೆಸರು ನುಬೆಲ್. ಹುಲ್ಲು ತುಂಬಿ ಹಳೆಯ ಬಟ್ಟೆ ತೊಡಿಸಿ, ಹಬ್ಬದ ದಿನಗಳಲ್ಲಿ ಪಬ್ಬಿನ ಬಾಗಿಲ ಮೇಲೆ ಕೂರಿಸಿರುತ್ತಾರೆ. ಮಂಗಳವಾರ ರಾತ್ರಿ ಅದನ್ನು ಬೀದಿಗೆ ಇಳಿಸಿ ಪಾದ್ರಿಯ ವೇಷದವನೊಬ್ಬ ಆರೋಪಪಟ್ಟಿ ಓದುತ್ತಾನೆ: ಹಣವೆಲ್ಲ ಖರ್ಚಾದದ್ದಕ್ಕೆ, ಹದ್ದುಮೀರಿ ಕುಡಿದದ್ದಕ್ಕೆ, ಊರಿನ ಫುಟ್‌ಬಾಲ್ ತಂಡ ಸೋತದ್ದಕ್ಕೆ, ಎಲ್ಲದಕ್ಕೂ ಕಾರಣ ಯಾರು? ನೆರೆದವರು ನುಬೆಲ್ ಎಂದು ಕೂಗುತ್ತಾರೆ, ಅನಂತರ ಬೆಂಕಿ ಇಡುತ್ತಾರೆ. ಮಗುವಿಗೆ ಹೊತ್ತು ಮೀರುತ್ತದೆ, ಆದರೆ ನಿಮ್ಮಲ್ಲಿ ಒಬ್ಬರು ಹೋಗಿ ನೋಡಿ ಬನ್ನಿ.

ಬೆಳೆಗಾರರ ಮಾತಿಗೆ ಒಂದು ಪ್ರತಿಮಾತು. ದಕ್ಷಿಣದಲ್ಲಿ ಅತಿಥಿ ಅತಿಥಿಯಾಗಿಯೇ ಇರಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಕೇಳುತ್ತಿರುವವರು ಅತಿಥಿಗಳಲ್ಲ, ಕೊಲೋನ್‌ನ ನಿವಾಸಿಗಳಾಗುವವರು. 1991ರಲ್ಲಿ ಗಲ್ಫ್ ಯುದ್ಧದ ಕಾರಣ ಮಹಾ ಮೆರವಣಿಗೆ ರದ್ದಾದಾಗ ಅಲ್ಲಿಯ ಜನ ರಾತ್ರಿ ಭೂತಗಳ ವೇಷದಲ್ಲಿ ಯುದ್ಧ ವಿರೋಧಿಸಿ ನಡೆದರು. ಆ ಭೂತಮೆರವಣಿಗೆಯಲ್ಲಿ ಹೆಸರು ನೋಂದಾಯಿಸದೆ ಯಾರು ಬೇಕಾದರೂ ಹೆಜ್ಜೆ ಹಾಕಬಹುದು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ್ದು ಹೆಂಗಸರ ಗುರುವಾರದಂದೇ; ಆ ಸೋಮವಾರ, ಫೆಬ್ರುವರಿ 28ರಂದು, ಮೆರವಣಿಗೆಯ ಬದಲು ಕಾರ್ನಿವಲ್ ಸಮಿತಿಯೇ ಶಾಂತಿಯ ನಡಿಗೆಯನ್ನು ಕರೆಯಿತು, ಲಕ್ಷಾಂತರ ಜನ ವೇಷದಲ್ಲಿಯೇ ಬಂದರು. ಅಂಥ ದಿನ ಯಾರೂ ಪಕ್ಕದವರ ಊರು ಯಾವುದೆಂದು ಕೇಳಲಿಲ್ಲ.

ಉತ್ತರ 4: ಕಡೂರು

ಇನ್ನೊಂದು ದೃಷ್ಟಿಯೂ ಇರಲಿ ಎಂದು ಬರೆಯುತ್ತೇನೆ. ನಾನು ರೈನ್ ಪ್ರದೇಶದಲ್ಲಿದ್ದಾಗ ನನ್ನ ಕಚೇರಿಯ ಸ್ಥಳೀಯರಲ್ಲಿಯೇ ಹಲವರು ಆ ವಾರ ರಜೆ ಹಾಕಿ ಗದ್ದಲವಿಲ್ಲದ ಊರುಗಳಿಗೆ ಹೊರಟುಹೋಗುತ್ತಿದ್ದರು. ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ರಾತ್ರಿಯ ಬೀದಿಗಳು ಗಲೀಜಾಗುತ್ತವೆ. ಮನಸ್ಸಿಗೆ ಒಗ್ಗದಿದ್ದರೆ ದೂರ ಉಳಿಯುವುದು ಆ ಊರಿಗೆ ಮಾಡುವ ಅವಮಾನವೆಂದು ತಿಳಿಯಬೇಕಾಗಿಲ್ಲ. ಮಗುವಿನ ಭಾನುವಾರದ ಮೆರವಣಿಗೆಗೆ ಹೋಗಿ, ಉಳಿದ ದಿನ ಮನೆಯಲ್ಲಿ ದೂರದರ್ಶನದಲ್ಲಿ ನೋಡಿದರೂ ಸಾಕು. ಡ್ಯುಸೆಲ್‌ಡಾರ್ಫ್‌ನ ರಾಜಕೀಯ ವಿಡಂಬನೆಯ ರಥಗಳು ದೂರದರ್ಶನದಲ್ಲಿಯೇ ಚೆನ್ನಾಗಿ ಕಾಣಿಸುತ್ತವೆ. ಜಾಕ್ ಟಿಲ್ಲಿ ಎಂಬ ಶಿಲ್ಪಿ ತಂತಿಬಲೆ ಮತ್ತು ಕಾಗದದಿಂದ ಕಟ್ಟುವ ಆ ರಥಗಳನ್ನು ಮೆರವಣಿಗೆಯ ಬೆಳಗಿನವರೆಗೂ ಗುಟ್ಟಾಗಿ ಇಡುತ್ತಾರೆ.

ಪ್ರಶ್ನೆ ಕೇಳಿದವರಿಂದ: ಸಾಲಗಾಮೆ ರಸ್ತೆ, ಹಾಸನ

ಮಾವನವರು ವೀರಗಾಸೆಯ ವಿಚಾರವನ್ನು ಒಪ್ಪಿಕೊಂಡರು. ಮಗಳ ಹೊಸ ಶಾಲೆಯವರಿಗೆ ಪತಿ ಇಂದೇ ಪತ್ರ ಬರೆದು, ಭಾನುವಾರದ ಮೆರವಣಿಗೆಯಲ್ಲಿ ಶಾಲೆ ಪಾಲ್ಗೊಳ್ಳುತ್ತದೆಯೇ, ಹೊಲಿಗೆಗೆ ಜನ ಬೇಕೇ ಎಂದು ವಿಚಾರಿಸಿದ್ದಾರೆ. ನನಗೆ ಹೊಲಿಗೆ ಚೆನ್ನಾಗಿ ಬರುತ್ತದೆ, ಇಲ್ಲಿಂದ ನನ್ನ ಕತ್ತರಿ ಮತ್ತು ಅಳತೆಪಟ್ಟಿಯನ್ನು ತೆಗೆದುಕೊಂಡು ಹೋಗುತ್ತೇನೆ. ಬೇಲೂರಿನವರು ಒಪ್ಪಿದರೆ ಹೆಂಗಸರ ಗುರುವಾರ ಬೊಯೆಲ್‌ಗೆ ಬಂದು ಅವರ ಜೊತೆ ಪುರಸಭೆಯ ಮುತ್ತಿಗೆಯನ್ನು ನೋಡುವ ಆಸೆಯಿದೆ. ರೈಲಿನ ಸಮಯವನ್ನು ಅವರೇ ತಿಳಿಸಬೇಕು.